ಬಯಲೇ ಮನೆಯಾದ ನೆಲಗುಬ್ಬಿ

ಗೂಡಿನ ಚಿತ್ರ ಬರೆಯಿರಿ ಅಂತ ಮಕ್ಕಳಿಗೆ ಹೇಳಿದರೆ ಮೊದಲು ಮರ ಬರೆಯುತ್ತಾರೆ. ಆಮೇಲೆ ಕೊಂಬೆ, ಕೊಂಬೆಯ ಕವಲಿನಲ್ಲಿ ಗೂಡು, ಗೂಡಿನೊಳಗೆ ಬಾಯಿ ತೆರೆದ ಮರಿಗಳು. ಪ್ರಾಥಮಿಕ ಶಾಲೆಯಲ್ಲಿ ಪಾಠ ಹೇಳಿದಷ್ಟು ಕಾಲವೂ ನಾನು ಈ ಚಿತ್ರವನ್ನೇ ತಿದ್ದಿದ್ದೇನೆ, ಚೆನ್ನಾಗಿದೆ ಅಂತ ರೈಟು ಹಾಕಿದ್ದೇನೆ. ಮರವಿಲ್ಲದೆ ಹಕ್ಕಿಗೆ ಬದುಕಿಲ್ಲ ಎನ್ನುವುದು ನಮ್ಮೆಲ್ಲರ ತಲೆಯಲ್ಲಿ ಗಟ್ಟಿಯಾಗಿ ಕೂತಿದೆ. ಅದಕ್ಕೇ ಬಸವೇಶ್ವರನಗರದ ನಮ್ಮ ಬೀದಿಯ ಮಕ್ಕಳಿಗೆ ನೆಲಗುಬ್ಬಿಯ ವಿಷಯ ಹೇಳಿದಾಗ ಅವರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಮರದ ಮೇಲೆ ಕೂರುವುದೇ ಇಲ್ಲದ ಹಕ್ಕಿ. ನೆಲದಲ್ಲೇ ತಿಂದು, ನೆಲದಲ್ಲೇ ಮಲಗಿ, ನೆಲದಲ್ಲೇ ಮೊಟ್ಟೆಯಿಟ್ಟು ಮರಿ ಮಾಡುವ ಹಕ್ಕಿ. ಅದೂ ಎಲ್ಲೋ ದೂರದ ಕಾಡಿನಲ್ಲಿ ಅಲ್ಲ, ಮೆಟ್ರೋ ಹತ್ತಿ ಹೋದರೆ ಸಿಗುವ ಕೆಂಗೇರಿಯ ಆಚೆಯ ಬಯಲಿನಲ್ಲಿ.

ಹೆಸರಿನಲ್ಲಿ ಗುಬ್ಬಿ ಇದ್ದರೂ ನೆಲಗುಬ್ಬಿ ನಮ್ಮ ಮನೆಗುಬ್ಬಿಯ ವಂಶದ್ದಲ್ಲ. ಅದು ಲಾರ್ಕ್ ಎಂಬ ದೊಡ್ಡ ಕುಟುಂಬದ ಹಕ್ಕಿ. ಇಂಗ್ಲಿಷ್ ಕವಿಗಳು ಹಾಡಿ ಹೊಗಳಿದ ಸ್ಕೈಲಾರ್ಕ್ ಕೂಡ ಇದೇ ಕುಟುಂಬದ್ದು. ಪ್ರಪಂಚದಲ್ಲಿ ಸುಮಾರು ನೂರು ಬಗೆಯ ಲಾರ್ಕ್‌ಗಳಿವೆ, ಅವುಗಳಲ್ಲಿ ಬಹುಪಾಲು ಆಫ್ರಿಕದವು. ನೆಲಗುಬ್ಬಿಯ ಹತ್ತಿರದ ನೆಂಟರೂ ಹೆಚ್ಚಾಗಿ ಅಲ್ಲಿಯವರೇ. ಭಾರತದಲ್ಲಿ ಅದಕ್ಕೆ ಇರುವ ದಾಯಾದಿ ಒಂದೇ, ವಾಯವ್ಯದ ಮರುಭೂಮಿ ಕಡೆಯ ಕಪ್ಪು ನೆತ್ತಿಯ ನೆಲಗುಬ್ಬಿ. ನಮ್ಮದು ಬೂದು ನೆತ್ತಿಯದು. 1786ರಲ್ಲಿ ಸ್ಕೊಪೋಲಿ ಎಂಬ ಯುರೋಪಿನ ನಿಸರ್ಗ ವಿಜ್ಞಾನಿ ಅದಕ್ಕೆ ವೈಜ್ಞಾನಿಕ ಹೆಸರಿಟ್ಟ. ಹಿಮಾಲಯದ ಬುಡದಿಂದ ಶ್ರೀಲಂಕಾದವರೆಗೆ ಇರುವ ಬಯಲು ನಾಡು ಅದರ ಊರು. ಈ ಉಪಖಂಡ ಬಿಟ್ಟರೆ ಅದು ಬೇರೆಲ್ಲೂ ಇಲ್ಲ. ದಟ್ಟ ಕಾಡು ಅದಕ್ಕೆ ಆಗುವುದಿಲ್ಲ, ಜಡಿಮಳೆಯ ಸೀಮೆಯೂ ಆಗುವುದಿಲ್ಲ, ಎತ್ತರದ ಬೆಟ್ಟವಂತೂ ದೂರವೇ ಉಳಿಯಿತು. ಸಮುದ್ರ ಮಟ್ಟದಿಂದ ಸುಮಾರು 1000 ಮೀಟರ್ ಒಳಗೆ ಇರುವ ಒಣ ಬಯಲು ಬೇಕು. ಬೆಂಗಳೂರು ಇರುವುದು 900 ಮೀಟರ್‌ಗಳ ಆಸುಪಾಸಿನಲ್ಲಿ.

ಉದ್ದ 12–13 ಸೆಂಟಿಮೀಟರ್, ಮನೆಗುಬ್ಬಿಗಿಂತ ಸಣ್ಣದು. ಗಂಡನ್ನು ಒಂದು ಸಲ ನೋಡಿದರೆ ಮಕ್ಕಳು ಮರೆಯುವುದಿಲ್ಲ. ನೆತ್ತಿ ಬೂದಿ ಬಣ್ಣ, ಕೆನ್ನೆ ಬಿಳಿ, ಕಣ್ಣಿನ ಮೇಲೆ ಹಾದುಹೋಗುವ ಕಪ್ಪು ಪಟ್ಟಿ. ಗದ್ದದಿಂದ ಹೊಟ್ಟೆಯ ತುದಿಯವರೆಗೆ ಪೂರ್ತಿ ಕಪ್ಪು. ಕೊಕ್ಕು ಗಿಡ್ಡ, ದಪ್ಪ, ಹುಲ್ಲಿನ ಬೀಜ ಒಡೆಯುವುದಕ್ಕೆ ತಕ್ಕುದು. ಹೆಣ್ಣಿಗೆ ಈ ಕಪ್ಪು ಬಿಳುಪು ಯಾವುದೂ ಇಲ್ಲ. ಮಣ್ಣಿನ ಬಣ್ಣದ ಬೆನ್ನು, ಮಾಸಲು ಹೊಟ್ಟೆ. ದೂರದಿಂದ ನೋಡಿದರೆ ಮನೆಗುಬ್ಬಿಯ ಹೆಣ್ಣೇ ಅನ್ನಿಸುತ್ತದೆ.

“ಹಾಗಾದ್ರೆ ಯಾವುದು ಯಾವುದು ಅಂತ ಹೇಗೆ ಹೇಳೋದು, ಟೀಚರಜ್ಜಿ?” ಅಂತ ಪಕ್ಕದ ಮನೆಯ ಹುಡುಗ ಕೇಳಿದ. ಬೀದಿಯ ಮಕ್ಕಳಿಗೆಲ್ಲ ನಾನು ಟೀಚರಜ್ಜಿ. ಕಾಲು ನೋಡು ಅಂದೆ. ಮನೆಗುಬ್ಬಿ ನೆಲದ ಮೇಲೆ ಎರಡೂ ಕಾಲು ಜೋಡಿಸಿ ಕುಪ್ಪಳಿಸುತ್ತದೆ. ನೆಲಗುಬ್ಬಿ ಒಂದಾದ ಮೇಲೆ ಒಂದು ಹೆಜ್ಜೆಯಿಟ್ಟು ನಡೆಯುತ್ತದೆ. ಕಾಲು ಎಷ್ಟು ಗಿಡ್ಡ ಅಂದರೆ ಹೊಟ್ಟೆ ನೆಲಕ್ಕೆ ತಾಗುತ್ತಿದೆಯೇನೋ ಅನ್ನಿಸುತ್ತದೆ. ನಾಲ್ಕು ಹೆಜ್ಜೆ ಬಿರಬಿರನೆ ನಡೆದು, ನಿಂತು, ಒಂದು ಕಾಳು ಹೆಕ್ಕಿ, ಪಕ್ಕಕ್ಕೆ ತಿರುಗಿ ಮತ್ತೆ ನಾಲ್ಕು ಹೆಜ್ಜೆ. ಕುಪ್ಪಳಿಸಿದರೆ ಮನೆಗುಬ್ಬಿ, ನಡೆದರೆ ನೆಲಗುಬ್ಬಿ. ಬೈನಾಕ್ಯುಲರ್ ಇಲ್ಲದಿದ್ದರೂ ಇಷ್ಟನ್ನು ಮಕ್ಕಳು ನೋಡಿ ಹೇಳಬಲ್ಲರು. ಹುಡುಗ ಆಮೇಲೆ ಮನೆಯ ಟೆರೇಸಿನ ಪಾರಿವಾಳ, ಕಾಗೆ, ಮೈನಾ ಯಾವ್ಯಾವುದು ನಡೆಯುತ್ತದೆ, ಯಾವುದು ಕುಪ್ಪಳಿಸುತ್ತದೆ ಎಂದು ಪಟ್ಟಿ ಮಾಡಿಕೊಂಡು ಬಂದ. ಕಾಗೆ ಎರಡನ್ನೂ ಮಾಡುತ್ತದೆ ಎಂದು ನನಗೇ ತೋರಿಸಿಕೊಟ್ಟ.

ಗಂಡಿನ ಕಪ್ಪು ಹೊಟ್ಟೆಯ ಬಗ್ಗೆ ಇನ್ನೊಂದು ಮಾತು ಹೇಳಲೇಬೇಕು. ಹುಲ್ಲೆ, ಮೊಲ, ಮೀನು, ಬಹಳಷ್ಟು ಹಕ್ಕಿಗಳು, ಯಾವುದನ್ನೇ ನೋಡಿ, ಬೆನ್ನು ಗಾಢ, ಹೊಟ್ಟೆ ತೆಳು. ಬೆಳಕು ಮೇಲಿನಿಂದ ಬೀಳುವುದರಿಂದ ಹೊಟ್ಟೆಯ ಕಡೆ ನೆರಳಾಗುತ್ತದೆ. ಹೊಟ್ಟೆಯ ತಿಳಿ ಬಣ್ಣ ಆ ನೆರಳನ್ನು ಅಳಿಸುತ್ತದೆ, ಪ್ರಾಣಿ ಹಿನ್ನೆಲೆಯಲ್ಲಿ ಬೆರೆತುಹೋಗುತ್ತದೆ. ಗಂಡು ನೆಲಗುಬ್ಬಿಯಲ್ಲಿ ಇದೆಲ್ಲ ಉಲ್ಟಾ. ಬೆನ್ನು ತೆಳು, ಹೊಟ್ಟೆ ಕಪ್ಪು. ಮೇಲೆ ಹಾರುವ ಗಿಡುಗನಿಗೆ ಕಾಣುವುದು ಮಣ್ಣಿನಲ್ಲಿ ಕಲೆತುಹೋಗುವ ಬೂದು ಬೆನ್ನು. ಅದೇ ಗಂಡು ಆಕಾಶಕ್ಕೆ ಏರಿದಾಗ ಕೆಳಗೆ ಕೂತ ಹೆಣ್ಣಿಗೂ ಪಕ್ಕದ ಗಂಡುಗಳಿಗೂ ಕಾಣುವುದು ಆ ಕಪ್ಪು ಹೊಟ್ಟೆ. ಅಡಗುವುದಕ್ಕೆ ಒಂದು ಬಣ್ಣ, ತೋರಿಸಿಕೊಳ್ಳುವುದಕ್ಕೆ ಇನ್ನೊಂದು.

ಆ ಏರುವಿಕೆಯೇ ನೆಲಗುಬ್ಬಿಯ ಜೀವನದ ದೊಡ್ಡ ಆಟ. ನೀವು ನೆಲದ ಮೇಲೆ ಕಣ್ಣಿಟ್ಟು ಹುಡುಕುತ್ತಿರುತ್ತೀರಿ, ಏನೂ ಕಾಣುವುದಿಲ್ಲ. ಇದ್ದಕ್ಕಿದ್ದಂತೆ ಮಣ್ಣಿನ ಹೆಂಟೆಯೊಂದು ಎದ್ದು ರೆಕ್ಕೆ ನಡುಗಿಸುತ್ತಾ ನೇರ ಮೇಲಕ್ಕೆ ಹೋಗುತ್ತದೆ. ಸುಮಾರು 30 ಮೀಟರ್, ಎಂದರೆ ಹತ್ತು ಅಂತಸ್ತಿನ ಕಟ್ಟಡದ ಎತ್ತರ. ಅಲ್ಲಿ ರೆಕ್ಕೆಗಳನ್ನು ಮೈಗೆ ಒತ್ತಿಕೊಂಡು, ತಲೆ ಕೆಳಗೆ ಮಾಡಿ ಧುಮುಕುತ್ತದೆ. ಧುಮುಕುವಾಗ ‘ವ್ಹೀ…’ ಎಂದು ಎಳೆದ ಒಂದು ಸಿಳ್ಳೆ. ಇನ್ನೇನು ಬಿದ್ದೇ ಹೋಯಿತು ಅನ್ನುವಾಗ ಬಿದ್ದ ವೇಗದಲ್ಲೇ ಸರ್ರನೆ ಮೂತಿ ಮೇಲಕ್ಕೆ ತಿರುಗಿಸಿ, ರೆಕ್ಕೆ ಬಿಚ್ಚಿ, ಒಂದಿಷ್ಟು ಎತ್ತರ ಮತ್ತೆ ಗಳಿಸುತ್ತದೆ. ಮತ್ತೆ ಧುಮುಕು, ಮತ್ತೆ ಸಿಳ್ಳೆ. ಹೀಗೆ ಮೆಟ್ಟಿಲು ಮೆಟ್ಟಿಲಾಗಿ ಆಕಾಶದಿಂದ ಇಳಿದು, ನೆಲಕ್ಕೆ ಮಾರುದ್ದ ಇರುವಾಗ ಅಡ್ಡಕ್ಕೆ ತಿರುಗಿ, ಯಾವುದೋ ಹೆಂಟೆಯ ಮೇಲೆ ಕೂತುಬಿಡುತ್ತದೆ. ಕೂತ ಕ್ಷಣವೇ ಮಾಯ. ನೀವು ಬೆರಳಿಟ್ಟು ತೋರಿಸುತ್ತಿದ್ದರೂ ಪಕ್ಕದವರಿಗೆ ಕಾಣುವುದಿಲ್ಲ. ನಮ್ಮ ಮೊಮ್ಮಗಳು ಮೊದಲ ಸಲ ನೋಡಿದಾಗ ಹಕ್ಕಿಗೆ ಏನೋ ಆಯಿತು ಅಂತ ಹೆದರಿ ನನ್ನ ಸೆರಗು ಹಿಡಿದುಕೊಂಡಿದ್ದಳು. ಮೂರನೆಯ ಸಲ ಅದು ಏರುವ ಹೊತ್ತಿಗೆ ಚಪ್ಪಾಳೆ ತಟ್ಟುತ್ತಿದ್ದಳು.

ಹಾಡಲು ಇಷ್ಟೊಂದು ಕಷ್ಟ ಯಾಕೆ ಪಡಬೇಕು? ಕೋಗಿಲೆ ಮಾವಿನ ಮರದಲ್ಲಿ ಅಡಗಿ ಕೂಗುತ್ತದೆ, ಮಡಿವಾಳ ಹಕ್ಕಿ ಕಾಂಪೌಂಡಿನ ಗೋಡೆಯ ಮೇಲೆ ನಿಂತು ಹಾಡುತ್ತದೆ. ಬಯಲಿನಲ್ಲಿ ಮರವೂ ಇಲ್ಲ, ಗೋಡೆಯೂ ಇಲ್ಲ. ನೆಲದಲ್ಲಿ ನಿಂತು ಕೂಗಿದರೆ ಧ್ವನಿ ಹುಲ್ಲಿನಲ್ಲೇ ಸತ್ತುಹೋಗುತ್ತದೆ. ಮೇಲಿನಿಂದ ಕೂಗಿದರೆ ಬಯಲಿನ ಆ ತುದಿಯವರೆಗೂ ಮುಟ್ಟುತ್ತದೆ. ‘ಇದು ನನ್ನ ಜಾಗ, ನೀನು ಬರಬೇಡ’ ಎಂದು ಇನ್ನೊಂದು ಗಂಡಿಗೆ, ‘ನಾನಿಲ್ಲಿದ್ದೇನೆ’ ಎಂದು ಹೆಣ್ಣಿಗೆ. ಅಷ್ಟು ಎತ್ತರ ಏರಿ ಅಷ್ಟು ಸಲ ಧುಮುಕಲು ಗಟ್ಟಿಯಾದ ಮೈ ಬೇಕು. ಲಾರ್ಕ್ ಕುಟುಂಬದ ಹಲವು ಹಕ್ಕಿಗಳು ಹೀಗೆ ಆಕಾಶವನ್ನೇ ವೇದಿಕೆ ಮಾಡಿಕೊಂಡಿವೆ, ಆದರೆ ಒಂದೊಂದರ ಪದ್ಧತಿ ಒಂದೊಂದು. ಇದೇ ಬಯಲಿನಲ್ಲಿ ಸಿಗುವ ಜರ್ಡನ್ ಬುಷ್‌ಲಾರ್ಕ್ ಪೊದೆಯ ತುದಿಯಲ್ಲೋ ತಂತಿಯ ಮೇಲೋ ಕೂತು ಉದ್ದಕ್ಕೆ ಕೀರಲು ದನಿಯಲ್ಲಿ ಹಾಡುತ್ತದೆ. ಆಮೇಲೆ ಸ್ವಲ್ಪ ಮೇಲಕ್ಕೆ ಹಾರಿ, ರೆಕ್ಕೆ ಎತ್ತಿ ಹಿಡಿದು, ಕಾಲು ಜೋತುಬಿಟ್ಟು, ನಿಧಾನವಾಗಿ ತೇಲಿಕೊಂಡು ಇಳಿಯುತ್ತದೆ. ಹಾರುವಾಗ ರೆಕ್ಕೆಯಲ್ಲಿ ಕಂದುಗೆಂಪು ಕಾಣುತ್ತದೆ. ಹತ್ತೊಂಬತ್ತನೆಯ ಶತಮಾನದಲ್ಲಿ ಭಾರತದ ಹಕ್ಕಿಗಳ ಬಗ್ಗೆ ದೊಡ್ಡ ಗ್ರಂಥ ಬರೆದ ಮದ್ರಾಸ್ ಸೇನೆಯ ವೈದ್ಯ ಥಾಮಸ್ ಜರ್ಡನ್ ಹೆಸರು ಅದಕ್ಕಿದೆ. ಸ್ಕೈಲಾರ್ಕಿನ ನಮ್ಮ ದೇಶದ ನೆಂಟನನ್ನು ನೋಡಬೇಕಾದರೆ ಹೆಸರಘಟ್ಟದ ಹುಲ್ಲುಗಾವಲಿಗೆ ಹೋಗಬೇಕು. ಅದು ಆಕಾಶದಲ್ಲಿ ಚುಕ್ಕೆಯಾಗಿ ನಿಂತು, ಉಸಿರು ತೆಗೆದುಕೊಳ್ಳದೆ ಹಾಡುತ್ತಲೇ ಇರುತ್ತದೆ. ಬಾಲ ಕುಣಿಸುತ್ತಾ ನೆಟ್ಟಗೆ ನಿಲ್ಲುವ, ಉದ್ದ ಕಾಲಿನ, ತೆಳ್ಳನೆಯ ಹಕ್ಕಿ ಕಂಡರೆ ಅದು ಪಿಪಿಟ್. ಅದು ಲಾರ್ಕ್ ಅಲ್ಲ, ಆದರೆ ಅದೂ ನೆಲದ ಮೇಲೆಯೇ ಗೂಡು ಮಾಡುತ್ತದೆ.

ಗೂಡಿನ ವಿಷಯಕ್ಕೆ ಬರುತ್ತೇನೆ. ಮಕ್ಕಳ ಪ್ರಶ್ನೆಗಳೆಲ್ಲ ಸುತ್ತಿ ಸುತ್ತಿ ಅಲ್ಲಿಗೇ ಬರುತ್ತವೆ.

ನೆಲಗುಬ್ಬಿಯ ಗೂಡು ಎಂದರೆ ಮಗುವಿನ ಅಂಗೈ ಹಿಡಿಸುವಷ್ಟು ಒಂದು ಗುಳಿ. ಹುಲ್ಲಿನ ಗುಪ್ಪೆಯ ಬುಡದಲ್ಲೋ, ಸಣ್ಣ ಗಿಡದ ಮಗ್ಗುಲಲ್ಲೋ, ಹೆಂಟೆಯ ಆಸರೆಯಲ್ಲೋ ಇರುತ್ತದೆ. ಒಳಗೆ ಒಣಹುಲ್ಲಿನ ಎಳೆ, ಕೂದಲು ಹಾಸಿರುತ್ತದೆ. ಕೆಲವು ಗೂಡುಗಳ ಅಂಚಿನ ಸುತ್ತ ಸಣ್ಣ ಸಣ್ಣ ಬೆಣಚುಕಲ್ಲು ಜೋಡಿಸಿಟ್ಟಿರುತ್ತದೆ. ಆ ಮುಷ್ಟಿಗಾತ್ರದ ಹಕ್ಕಿ ಒಂದೊಂದೇ ಕಲ್ಲನ್ನು ಕೊಕ್ಕಿನಲ್ಲಿ ಕಚ್ಚಿ ತಂದು ಇಟ್ಟದ್ದು ಅದು. ಮೊಟ್ಟೆ ಎರಡೋ ಮೂರೋ. ಮಾಸಲು ಬಿಳಿ, ಅದರ ಮೇಲೆ ಕಂದು, ಬೂದು ನೇರಳೆಯ ಚುಕ್ಕೆಗಳು. ಮಣ್ಣು, ಹರಳುಕಲ್ಲು, ಒಣಹುಲ್ಲು, ಅವುಗಳ ನೆರಳು, ಎಲ್ಲವೂ ಆ ಒಂದು ಮೊಟ್ಟೆಯ ಸಿಪ್ಪೆಯ ಮೇಲೆ ಇವೆ. ಗಂಡು ಹೆಣ್ಣು ಎರಡೂ ಸರದಿಯ ಮೇಲೆ ಕಾವು ಕೂರುತ್ತವೆ. ಸುಮಾರು ಎರಡು ವಾರಕ್ಕೆ ಮರಿ ಹೊರಬರುತ್ತದೆ. ಜೋರು ಮಳೆಯ ದಿನ ಬಿಟ್ಟು ವರ್ಷದ ಬಹುಪಾಲು ತಿಂಗಳುಗಳಲ್ಲಿ ಎಲ್ಲಾದರೂ ಒಂದು ಕಡೆ ನೆಲಗುಬ್ಬಿಗಳು ಮರಿ ಮಾಡುತ್ತಲೇ ಇರುತ್ತವೆ. ನಮ್ಮ ಕಡೆ ಅವುಗಳ ಆಕಾಶದ ಆಟವನ್ನು ನಾನು ಹೆಚ್ಚು ನೋಡಿರುವುದು ಸಂಕ್ರಾಂತಿ ಕಳೆದು ಯುಗಾದಿ ಬರುವವರೆಗಿನ ದಿನಗಳಲ್ಲಿ.

“ನಾಯಿ ಬಂದ್ರೆ ಏನ್ ಮಾಡುತ್ತೆ?”

ಏನೂ ಮಾಡುವುದಿಲ್ಲ, ಅದೇ ಅದರ ಉಪಾಯ. ಅಪಾಯ ಕಂಡರೆ ನೆಲಗುಬ್ಬಿ ಮೊದಲು ಓಡುವುದಿಲ್ಲ, ಹಾರುವುದಿಲ್ಲ. ಮೈಯನ್ನು ನೆಲಕ್ಕೆ ಒತ್ತಿ ಅಲುಗದೆ ಕೂರುತ್ತದೆ. ಪ್ರಾಣಿಯ ಕಣ್ಣು ಹಿಡಿಯುವುದು ಚಲನೆಯನ್ನು. ಅಲುಗದ ಹಕ್ಕಿ ಮಣ್ಣು. ತೀರಾ ಹತ್ತಿರ ಬಂದಾಗ ಮಾತ್ರ ಕಾಲಬುಡದಿಂದ ಫಕ್ಕನೆ ಎದ್ದು ಹಾರಿ, ಅನತಿ ದೂರದಲ್ಲಿ ಇಳಿಯುತ್ತದೆ. ಹೀಗಿದ್ದರೂ ಬಹಳ ಮೊಟ್ಟೆಗಳು ಉಳಿಯುವುದಿಲ್ಲ. ಹಾವು, ಮುಂಗುಸಿ, ಓತಿಕ್ಯಾತ, ಕಾಗೆ, ಎಲ್ಲರೂ ಹುಡುಕುವವರೇ. ಅವರೂ ಬದುಕಬೇಕಲ್ಲ. ಒಂದು ಗೂಡು ಹೋದರೆ ನೆಲಗುಬ್ಬಿ ಇನ್ನೊಂದು ಗುಳಿ ಮಾಡಿಕೊಳ್ಳುತ್ತದೆ. ಮರದ ಮೇಲೆ ವಾರಗಟ್ಟಲೆ ಹೆಣೆದ ಗೂಡು ಹೋದರೆ ಆಗುವ ನಷ್ಟ ಇಲ್ಲಿಲ್ಲ.

“ಬಿಸಿಲಿಗೆ ಮೊಟ್ಟೆ ಬೆಂದು ಹೋಗಲ್ವಾ?” ಇದು ನನ್ನ ಮೊಮ್ಮಗಳ ಪ್ರಶ್ನೆ, ಮತ್ತು ಇದು ಬಹಳ ಒಳ್ಳೆಯ ಪ್ರಶ್ನೆ. ಏಪ್ರಿಲ್ ಮಧ್ಯಾಹ್ನ ಬಯಲಿನ ಮಣ್ಣಿನ ಮೇಲೆ ಬರಿಗಾಲಿಡಲು ಆಗುವುದಿಲ್ಲ. ಇಂಥ ಬಿಸಿಲಿನ ನೆಲದಲ್ಲಿ ಗೂಡು ಮಾಡುವ ಹಕ್ಕಿಗಳಿಗೆ ಹಗಲಿನ ಕೆಲಸ ಕಾವು ಕೊಡುವುದಕ್ಕಿಂತ ನೆರಳು ಕೊಡುವುದು. ತಾಯಿಯೋ ತಂದೆಯೋ ಮೊಟ್ಟೆಯ ಮೇಲೆ ನಿಂತು, ಬಾಯಿ ತೆರೆದು ಏದುಸಿರು ಬಿಡುತ್ತಾ, ತನ್ನ ಮೈಯ ನೆರಳನ್ನು ಕೆಳಗೆ ಬೀಳಿಸುತ್ತದೆ. ಆ ಹೊತ್ತಿನಲ್ಲಿ ಯಾರಾದರೂ ಗೂಡಿನ ಹತ್ತಿರ ನಿಂತು ಫೋಟೋ ತೆಗೆಯುತ್ತಾ ಕಾಲ ಕಳೆದರೆ ಹಕ್ಕಿ ವಾಪಸ್ ಬರುವುದಿಲ್ಲ, ಮೊಟ್ಟೆ ಬಿಸಿಲಿನಲ್ಲಿ ಉಳಿಯುತ್ತದೆ. ಹತ್ತು ನಿಮಿಷದ ಫೋಟೋಕ್ಕೆ ಮರಿಗಳ ಜೀವ ಹೋಗಬಹುದು ಎಂದು ಹೇಳಿದ ಮೇಲೆ ಮಕ್ಕಳು ತಾವಾಗಿಯೇ ದೊಡ್ಡವರಿಗೆ ಹೇಳುವುದನ್ನು ಕೇಳಿದ್ದೇನೆ.

ಲಾರ್ಕ್ ಮರಿಗಳು ಹಾರಲು ಕಲಿಯುವ ಮೊದಲೇ ಗೂಡು ಬಿಡುತ್ತವೆ. ಇದೂ ನೆಲದ ಬಾಳಿನ ಲೆಕ್ಕಾಚಾರ. ಮೂರು ಮರಿ ಒಂದೇ ಗುಳಿಯಲ್ಲಿದ್ದರೆ ಒಂದು ಹಾವು ಮೂರನ್ನೂ ನುಂಗುತ್ತದೆ. ಚದುರಿ ಹುಲ್ಲಿನಲ್ಲಿ ಅಲ್ಲಲ್ಲಿ ಕೂತರೆ ಒಂದೆರಡಾದರೂ ಉಳಿಯುತ್ತವೆ. ಮೈಯ ತುಂಬ ಒಣಹುಲ್ಲಿನ ಬಣ್ಣದ ತುಪ್ಪುಳ, ಗಿಡ್ಡ ಬಾಲ, ಹುಲ್ಲಿನ ಬುಡದಲ್ಲಿ ಕಣ್ಣು ಮುಚ್ಚಿದ ಹಾಗೆ ಕೂತಿರುತ್ತದೆ. ಇಂಥ ಮರಿ ಕಂಡರೆ ಪಾಪ, ಗೂಡಿನಿಂದ ಬಿದ್ದಿದೆ ಅಂತ ಎತ್ತಿ ಮನೆಗೆ ತರುವವರಿದ್ದಾರೆ. ಅದು ಬಿದ್ದಿಲ್ಲ, ಅದರ ಅಪ್ಪ ಅಮ್ಮ ಹತ್ತಿರದಲ್ಲೇ ಹುಳ ಹಿಡಿದುಕೊಂಡು ನೀವು ಹೋಗುವುದನ್ನು ಕಾಯುತ್ತಿರುತ್ತವೆ. ದೊಡ್ಡವು ಬೀಜ ತಿಂದು ಬದುಕಿದರೂ ಮರಿಗೆ ಹುಳವೇ ಬೇಕು. ಎತ್ತಬೇಡಿ. ನಾಲ್ಕು ಹೆಜ್ಜೆ ಹಿಂದೆ ಸರಿದು, ಬಂದ ದಾರಿಯಲ್ಲೇ ಹೊರಡಿ. ಮೊಟ್ಟೆಯನ್ನಾಗಲಿ ಮರಿಯನ್ನಾಗಲಿ ತೆಗೆಯುವುದು 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಪ್ರಕಾರ ಅಪರಾಧ ಕೂಡ.

ಈಗ ನಮ್ಮ ಪಶ್ಚಿಮ ಬೆಂಗಳೂರಿನ ಕಥೆ. ರಾಜಾಜಿನಗರ, ವಿಜಯನಗರ, ಬಸವೇಶ್ವರನಗರ ಎಂದು ನಾವು ಕರೆಯುವ ಜಾಗದಲ್ಲೆಲ್ಲ ಮೊದಲು ಹಳ್ಳಿಗಳಿದ್ದವು. ಕೇತಮಾರನಹಳ್ಳಿ, ಸಾಣೆಗೊರವನಹಳ್ಳಿ, ಅಗ್ರಹಾರ ದಾಸರಹಳ್ಳಿ, ಹೊಸಹಳ್ಳಿ, ಅತ್ತಿಗುಪ್ಪೆ. ಇವತ್ತಿಗೂ ಬಸ್ ಸ್ಟಾಪು, ಮೆಟ್ರೋ ನಿಲ್ದಾಣಗಳಲ್ಲಿ ಆ ಹೆಸರುಗಳು ಉಳಿದಿವೆ. ಹಳ್ಳಿಗಳ ನಡುವೆ ರಾಗಿ, ಅವರೆ, ಹುರುಳಿ ಬೆಳೆಯುವ ಮಳೆಯಾಶ್ರಿತ ಹೊಲ. ಹೊಲ ಆದಮೇಲೆ ಬೀಳು, ಬೀಳು ಆದಮೇಲೆ ಗೋಮಾಳ. ನೆಲಗುಬ್ಬಿಗೆ ಬೇಕಾದ್ದು ಇದೇ. ರಾಗಿ ಕೊಯ್ದ ಮೇಲೆ ಉಳಿಯುವ ಕೂಳೆ, ನಡುವೆ ಬಿದ್ದ ಕಾಳು, ಅಲ್ಲಲ್ಲಿ ಬರಿ ಮಣ್ಣು. ಮಣ್ಣು ತಿನ್ನುವುದಕ್ಕಲ್ಲ, ಸ್ನಾನಕ್ಕೆ. ಲಾರ್ಕ್‌ಗಳು ನೀರಿಗಿಂತ ಧೂಳಿನಲ್ಲಿ ಮೀಯುತ್ತವೆ. ಬಿಸಿಯಾದ ಸಡಿಲ ಧೂಳಿನಲ್ಲಿ ಹೊಟ್ಟೆಯೂರಿ, ರೆಕ್ಕೆಯಿಂದ ಧೂಳು ಎರಚಿಕೊಂಡು, ಗರಿಯ ಸಂದಿಗೆಲ್ಲ ಇಳಿಸಿಕೊಂಡು, ಆಮೇಲೆ ಕೊಡವಿ ಏಳುತ್ತವೆ. ನಾನು ಎಂಬತ್ತರ ದಶಕದಲ್ಲಿ ಮದುವೆಯಾಗಿ ಬಸವೇಶ್ವರನಗರಕ್ಕೆ ಬಂದಾಗ ನಮ್ಮ ಮನೆಯ ಹಿಂದೆ ಖಾಲಿ ಸೈಟುಗಳಿದ್ದವು, ಮಾಗಡಿ ರಸ್ತೆಯ ಕಡೆ ಇನ್ನೂ ಹೊಲಗಳಿದ್ದವು. ಮೈಸೂರು ಸಂಸ್ಥಾನದ ಹಕ್ಕಿಗಳನ್ನು 1939–40ರಲ್ಲಿ ಸಲೀಂ ಅಲಿ ಸಮೀಕ್ಷೆ ಮಾಡಿದರು. ಬೆಂಗಳೂರಿನ ಪಕ್ಷಿವೀಕ್ಷಕರ ಗುಂಪಿಗಾಗಿ ಜೋಸೆಫ್ ಜಾರ್ಜ್ ಅವರು ಸಂಪಾದಿಸಿದ ಬೆಂಗಳೂರಿನ ಹಕ್ಕಿಗಳ ಪಟ್ಟಿ 1994ರಲ್ಲಿ ಬಂತು. ಅಷ್ಟು ವರ್ಷಗಳ ಅಂತರದಲ್ಲಿ ಬಯಲಿನ ಹಕ್ಕಿಗಳು ನಗರದ ನಡುವಿನಿಂದ ಅಂಚಿಗೆ, ಅಂಚಿನಿಂದ ಇನ್ನೂ ಆಚೆಗೆ ಸರಿದವು.

ಗೋಮಾಳವನ್ನು ನೆನೆಸಿಕೊಳ್ಳದೆ ನೆಲಗುಬ್ಬಿಯ ಕಥೆ ಮುಂದೆ ಹೋಗುವುದಿಲ್ಲ. ನೂರು ದನಗಳಿಗೆ 12 ಹೆಕ್ಟೇರ್, ಅಂದರೆ ಸುಮಾರು 30 ಎಕರೆ ಮೇವಿನ ಜಾಗ ಬಿಡಬೇಕೆಂದು ಕರ್ನಾಟಕದ ಭೂಕಂದಾಯ ನಿಯಮಗಳಲ್ಲೇ ಇದೆ. ದನ ಕುರಿ ಮೇಯುವುದರಿಂದ ಹುಲ್ಲು ಗಿಡ್ಡಗೆ, ವಿರಳವಾಗಿ ಇರುತ್ತದೆ. ಗಿಡ್ಡ ಕಾಲಿನ ಹಕ್ಕಿ ನಡೆದಾಡಲು ಅದೇ ಬೇಕು. ಮೇಯಿಸುವುದು ಪೂರ್ತಿ ನಿಂತರೆ ಹುಲ್ಲು ಮಂಡಿಯೆತ್ತರ ಬೆಳೆಯುತ್ತದೆ, ಆಮೇಲೆ ಕಾಂಗ್ರೆಸ್ ಗಿಡ, ಲಂಟಾನ, ಸೀಮೆಜಾಲಿ ಬಂದು ಕೂರುತ್ತವೆ. ನೆಲಗುಬ್ಬಿ ಜಾಗ ಖಾಲಿ ಮಾಡುತ್ತದೆ. ಕೊಮ್ಮಘಟ್ಟದ ಕಡೆ ಕುರಿ ಮೇಯಿಸುವ ಒಬ್ಬ ಹಿರಿಯರಿಗೆ ನಾನು ಈ ಹಕ್ಕಿಯ ಬಗ್ಗೆ ವಿವರಿಸಲು ಹೋದಾಗ ಅವರೇ ನನಗೆ ಹೇಳಿದರು: “ಅದು ನಮ್ ಮಂದೆ ಜೊತೆಗೇ ಇರ್ತದೆ ಕಣಮ್ಮ, ಕುರಿ ಮುಂದಕ್ಕೋದ್ರೆ ಹಿಂದ್ಲಿಂದ ಹುಳ ಹೆಕ್ತದೆ.”

ಮೈಸೂರು ರಸ್ತೆಗೂ ಮಾಗಡಿ ರಸ್ತೆಗೂ ನಡುವೆ, ಕೊಮ್ಮಘಟ್ಟ, ಸೂಲಿಕೆರೆ ಮುಂತಾದ ಹನ್ನೆರಡು ಹಳ್ಳಿಗಳ ನಾಲ್ಕು ಸಾವಿರ ಎಕರೆಗೂ ಹೆಚ್ಚು ಭೂಮಿಯಲ್ಲಿ ನಾಡಪ್ರಭು ಕೆಂಪೇಗೌಡ ಬಡಾವಣೆ ರೂಪುಗೊಳ್ಳುತ್ತಿದೆ. 2016ರಲ್ಲಿ ಮೊದಲ ಕಂತಿನ ಸೈಟುಗಳ ಹಂಚಿಕೆಯಾಯಿತು. ಹೊಲದಲ್ಲಿ ಉಳುಮೆ ನಿಂತು, ಮನೆ ಏಳುವವರೆಗಿನ ವರ್ಷಗಳಲ್ಲಿ ಅಲ್ಲಿ ಒಂದು ವಿಶೇಷ ನೆಲ ಹುಟ್ಟಿಕೊಂಡಿದೆ. ರಸ್ತೆಗೆ ಗುರುತು ಹಾಕಿದ ಕಲ್ಲು, ಸೈಟಿನ ಮೂಲೆಗಳ ಕಲ್ಲು, ಅದರ ನಡುವೆ ವಿರಳ ಹುಲ್ಲು, ಮಣ್ಣಿನ ಗುಡ್ಡೆ, ಧೂಳಿನ ದಾರಿ. ನೆಲಗುಬ್ಬಿಗೆ ಇದು ಸಾಕು. ಸೈಟಿನ ಮೂಲೆಗಲ್ಲಿನ ಮೇಲೆ ಗಂಡು ಕೂತಿರುತ್ತದೆ, ವಿದ್ಯುತ್ ತಂತಿಯ ಮೇಲೂ ಕೂರುವುದುಂಟು. ಮರ ಮಾತ್ರ ಬೇಡ. ಇದು ತಾತ್ಕಾಲಿಕ ಎಂದು ನನಗೆ ಗೊತ್ತು. ಸೈಟು ಸಿಕ್ಕವರು ಮನೆ ಕಟ್ಟಲೇಬೇಕು, ಎಷ್ಟೋ ಜನರ ಜೀವಮಾನದ ಉಳಿತಾಯ ಅದು. ನಾನು ಬೇಸರಪಡುವುದು ಬೇರೆ ವಿಷಯಕ್ಕೆ. ಖಾಲಿ ಜಾಗ ಎಂದ ಕೂಡಲೇ ರಾತ್ರಿ ಕಟ್ಟಡದ ತ್ಯಾಜ್ಯ, ಕೋಳಿ ಅಂಗಡಿಯ ಕಸ ತಂದು ಸುರಿಯುತ್ತಾರೆ. ಕಸ ಬಂದರೆ ಬೀದಿನಾಯಿ ಬರುತ್ತದೆ, ಕಾಗೆ ಬರುತ್ತದೆ, ಇಲಿ ಬರುತ್ತದೆ. ಮೊದಲು ಒಂದೋ ಎರಡೋ ಮುಂಗುಸಿ ಹುಡುಕುತ್ತಿದ್ದ ಬಯಲನ್ನು ಈಗ ನಾಯಿಗಳ ಹಿಂಡೇ ಮೂಸುತ್ತದೆ. ಮನೆ ಕಟ್ಟುವುದಕ್ಕೂ ಮೊದಲೇ ಹಕ್ಕಿ ಹೋಗುವುದು ಹೀಗೆ.

ಇನ್ನೊಂದು ಒಳ್ಳೆಯ ಮನಸ್ಸಿನಿಂದ ಆಗುವ ಹಾನಿ. ಜೂನ್ ಬಂತೆಂದರೆ ಶಾಲೆಗಳು, ಸಂಘಗಳು, ಕಂಪನಿಗಳು ಸಸಿ ನೆಡಲು ಖಾಲಿ ಜಾಗ ಹುಡುಕುತ್ತವೆ. ರಸ್ತೆಯ ಬದಿಗೆ, ಶಾಲೆಯ ಅಂಗಳಕ್ಕೆ, ಕಡಿದ ಕಾಡಿಗೆ ಮರ ಬೇಕೇ ಬೇಕು. ಆದರೆ ಸಾವಿರಾರು ವರ್ಷಗಳಿಂದ ಹುಲ್ಲುಗಾವಲಾಗಿಯೇ ಇರುವ ನೆಲದಲ್ಲಿ ಗುಂಡಿ ತೋಡಿ ಸಾಲಾಗಿ ಸಸಿ ನೆಟ್ಟರೆ ಅಲ್ಲಿಯ ಜೀವಗಳ ಮನೆಯನ್ನು ಕೆಡವಿದ ಹಾಗೆಯೇ. ಮರ ಬೆಳೆದರೆ ಹಸಿರು ಕಾಣುತ್ತದೆ, ಬುಲ್‌ಬುಲ್ ಬರುತ್ತದೆ, ನೆಲಗುಬ್ಬಿ ಹೊರಡುತ್ತದೆ. ದಾಖಲೆಗಳಲ್ಲಿ ಹುಲ್ಲಿನ ನೆಲವನ್ನು ಪಾಳು, ಬಂಜರು ಎಂದು ಬರೆಯುವುದು ಬ್ರಿಟಿಷರ ಕಾಲದಿಂದ ಬಂದ ರೂಢಿ. ತೆರಿಗೆ ಕೊಡದ ಭೂಮಿ ಅವರ ಲೆಕ್ಕದಲ್ಲಿ ವ್ಯರ್ಥ ಭೂಮಿ. ಆ ಲೆಕ್ಕ ನಮ್ಮ ಮಕ್ಕಳಿಗೂ ಬೇಕೆ? 942 ಜಾತಿಯ ಹಕ್ಕಿಗಳ ಸ್ಥಿತಿಗತಿ ಪರಿಶೀಲಿಸಿ 2023ರಲ್ಲಿ ಪ್ರಕಟವಾದ ಭಾರತದ ಹಕ್ಕಿಗಳ ವರದಿ ಹುಲ್ಲುಗಾವಲು ಮತ್ತು ಬಯಲಿನ ಹಕ್ಕಿಗಳು ಹೆಚ್ಚು ಕುಸಿದಿವೆ ಎಂದು ಎಚ್ಚರಿಸಿದೆ. ನೆಲಗುಬ್ಬಿ ಇನ್ನೂ ಅಳಿವಿನ ಪಟ್ಟಿಯಲ್ಲಿಲ್ಲ. ಇರುವಾಗಲೇ ನೋಡಿಕೊಳ್ಳಬೇಕು. ನಮ್ಮ ವಾಯವ್ಯಕ್ಕಿರುವ ಹೆಸರಘಟ್ಟದ ಹುಲ್ಲುಗಾವಲಿನ ಐದು ಸಾವಿರಕ್ಕೂ ಹೆಚ್ಚು ಎಕರೆಯನ್ನು ಸಂರಕ್ಷಣಾ ಮೀಸಲು ಎಂದು ಘೋಷಿಸಲು ವರ್ಷಗಟ್ಟಲೆ ಜನ ಹೋರಾಡಿದರು. 2021ರಲ್ಲಿ ತಿರಸ್ಕೃತವಾದ ಪ್ರಸ್ತಾವಕ್ಕೆ 2024ರಲ್ಲಿ ರಾಜ್ಯ ವನ್ಯಜೀವಿ ಮಂಡಳಿಯ ಒಪ್ಪಿಗೆ ಸಿಕ್ಕಿತು. ಹುಲ್ಲನ್ನು ಹುಲ್ಲಾಗಿಯೇ ಉಳಿಸಬೇಕು ಎಂದು ಸರಕಾರ ಒಪ್ಪಿದ ಆ ದಿನ ನನಗೆ ಹಬ್ಬವಾಗಿತ್ತು.

ಕೆಂಗೇರಿಯ ಕಡೆಗೂ ಅಷ್ಟು ದೊಡ್ಡದು ಬೇಕೆಂದು ನಾನು ಕೇಳುವುದಿಲ್ಲ. ಹೊಸ ಬಡಾವಣೆಯಲ್ಲಿ ಉದ್ಯಾನಕ್ಕೆಂದು ಮೀಸಲಿಟ್ಟ ಜಾಗಗಳಿರುತ್ತವೆ. ಅಂಥ ಒಂದೆರಡು ಜಾಗಗಳಲ್ಲಿ ಲಾನ್ ಹಾಸದೆ, ಟೈಲ್ಸ್ ಹಾಕದೆ, ಮರ ನೆಡದೆ, ಇದ್ದ ಹುಲ್ಲನ್ನು ಇದ್ದ ಹಾಗೇ ಬಿಟ್ಟು, ಸುತ್ತ ನಾಯಿ ನುಸುಳದಂತೆ ಬೇಲಿ ಹಾಕಿ, ವರ್ಷಕ್ಕೆರಡು ಸಲ ಊರಿನ ಕುರಿಗಳನ್ನು ಮೇಯಲು ಬಿಟ್ಟರೆ ಸಾಕು. ನೀರು, ಮಾಲಿ, ಗೊಬ್ಬರ ಯಾವ ಖರ್ಚೂ ಇಲ್ಲ.

ನೋಡಲು ಹೋಗುವವರಿಗೆ ಹೇಳುತ್ತೇನೆ. ರಾಗಿ ಕೊಯ್ಲು ಮುಗಿದು ಡಿಸೆಂಬರ್ ಕಳೆಯಲಿ. ವಿಜಯನಗರದಿಂದ ನೇರಳೆ ಮಾರ್ಗದ ಮೆಟ್ರೋ ಹತ್ತಿ. ಅದು 2021ರಲ್ಲಿ ಕೆಂಗೇರಿಗೆ, 2023ರಲ್ಲಿ ಚಲ್ಲಘಟ್ಟಕ್ಕೆ ಮುಟ್ಟಿದೆ. ಅಲ್ಲಿಂದ ಆಟೋದಲ್ಲಿ ಸೂಲಿಕೆರೆಯ ದಿಕ್ಕಿಗೆ ಸ್ವಲ್ಪ ಹೋದರೆ ಬಯಲು ಸಿಗುತ್ತದೆ. ಬೆಳಿಗ್ಗೆ ಒಂಬತ್ತರ ಒಳಗೆ ಹೋಗಿ, ಬಿಸಿಲೇರಿದರೆ ಹಕ್ಕಿಗೂ ಕಷ್ಟ ನಿಮಗೂ ಕಷ್ಟ. ಟೋಪಿ, ನೀರು, ಒಂದು ನೋಟ್‌ಬುಕ್ ಇರಲಿ. ನಾಯಿಯನ್ನು ಮನೆಯಲ್ಲೇ ಬಿಡಿ. ಕಾಲುದಾರಿಯಲ್ಲೇ ನಡೆಯಿರಿ, ಹುಲ್ಲಿನ ಗುಪ್ಪೆಯ ಮೇಲೆ ಕಾಲಿಡಬೇಡಿ. ಮಕ್ಕಳನ್ನು ಮುಂದೆ ಬಿಡಿ, ಅವರ ಕಣ್ಣು ನೆಲಕ್ಕೆ ಹತ್ತಿರ ಇರುತ್ತದೆ. ಸಿಳ್ಳೆ ಕೇಳಿದರೆ ಮೊದಲು ಆಕಾಶ ನೋಡಿ, ಇಳಿಯುವವರೆಗೆ ಕಣ್ಣು ತೆಗೆಯಬೇಡಿ, ಇಳಿದ ಜಾಗದ ಹತ್ತಿರಕ್ಕೆ ಹೋಗಬೇಡಿ. ನೋಟ್‌ಬುಕ್‌ನಲ್ಲಿ ದಿನಾಂಕ, ಹೊತ್ತು, ಜಾಗದ ಹೆಸರು, ಎಷ್ಟು ಗಂಡು, ಎಷ್ಟು ಹೆಣ್ಣು, ಏನು ಮಾಡುತ್ತಿದ್ದವು ಎಂದು ಮಕ್ಕಳೇ ಬರೆದುಕೊಳ್ಳಲಿ. ನಡೆಯುತ್ತಿತ್ತೋ ಕುಪ್ಪಳಿಸುತ್ತಿತ್ತೋ ಎನ್ನುವುದನ್ನೂ ಬರೆಯಲಿ.